ಪ್ರತಿ ಮಾಡುವ ಯಂತ್ರಗಳು

ಬಿ. ಎಲ್. ರೈಸ್ ಅವರು ಸಂಪಾದಿಸಿದ 'ಎಪಿಗ್ರಾಫಿಯ ಕರ್ನಾಟಿಕ'ದ ಐದನೆಯ ಸಂಪುಟವು ೧೯೦೨ರಲ್ಲಿ ಪ್ರಕಟವಾಯಿತು. ಅರಸೀಕೆರೆ, ಬೇಲೂರು ಮೊದಲಾದ ತಾಲ್ಲೂಕುಗಳ ಶಾಸನಗಳು ಅದರಲ್ಲಿ ಅಚ್ಚಾಗಿವೆ. ಪ್ರತಿಯೊಂದಕ್ಕೂ ತಾಲ್ಲೂಕಿನ ಹೆಸರು, ಕ್ರಮಸಂಖ್ಯೆ, ಕಲ್ಲು ಇರುವ ಸ್ಥಳ ಇವುಗಳನ್ನು ಕೊಟ್ಟಿದೆ. ಸಂದೇಹ ಬಂದಾಗ ನಾವು ಪುಸ್ತಕವನ್ನು ಬದಿಗಿಟ್ಟು ಕಲ್ಲಿನ ಬಳಿಗೇ ಹೋಗಬಹುದು. ಒಳ್ಳೆಯ ಪ್ರತಿಯ ಲಕ್ಷಣವೇ ಇದು. ಅದು ತನ್ನ ಮೂಲವನ್ನು ತೋರಿಸಿಕೊಡುತ್ತದೆ.

ಈಗ ಪ್ರತಿ ಮಾಡುವ ಕೆಲಸದಲ್ಲಿ 'ಬಾಟ್'ಗಳೂ ತೊಡಗಿವೆ. ಬಾಟ್ ಎಂಬುದು ರೋಬೋಟ್ ಎಂಬ ಪದದ ಮೊಟಕು ರೂಪ. ಇದಕ್ಕೆ ಕೈಕಾಲುಗಳಿಲ್ಲ; ಇದು ಗಣಕಯಂತ್ರಕ್ಕೆ ಕೊಟ್ಟ ಆಜ್ಞೆಗಳ ಸರಣಿ ಮಾತ್ರ. ಅಂತರಜಾಲದ ಒಂದು ತಾಣದಲ್ಲಿರುವುದನ್ನು ಎತ್ತಿ, ಜನರು ಕೂಡಿ ನಡೆಸುವ ಇನ್ನೊಂದು ತಾಣದಲ್ಲಿರಿಸುವುದು ಬಾಟ್‌ಗಳ ಕೆಲಸಗಳಲ್ಲೊಂದು.

ಬೇಲೂರು ಹಳೇಬೀಡುಗಳ ಛಾಯಾಚಿತ್ರಗಳನ್ನೇ ತೆಗೆದುಕೊಳ್ಳೋಣ. ಪ್ರವಾಸಿಗಳು ಇವನ್ನು ಫ್ಲಿಕರ್ ಎಂಬ ತಾಣದಲ್ಲಿ ಇಡುತ್ತಾರೆ. ೨೦೦೪ರಲ್ಲಿ ಆರಂಭವಾದ ವಿಕಿಮೀಡಿಯ ಕಾಮನ್ಸ್ ಎಂಬ ಸಾರ್ವಜನಿಕ ಚಿತ್ರಭಂಡಾರಕ್ಕೆ ಅಲ್ಲಿಂದ ಚಿತ್ರಗಳನ್ನು ಯಾಂತ್ರಿಕವಾಗಿ ಸಾಗಿಸಬಹುದು. ಚಿತ್ರದೊಡನೆ ಶೀರ್ಷಿಕೆ, ತೆಗೆದವರ ಹೆಸರು, ದಿನಾಂಕ, ಅನುಮತಿಯ ವಿವರ ಇವೂ ಬರುತ್ತವೆ. ಚಿತ್ರದ ದತ್ತಾಂಶದಿಂದ 'ಹ್ಯಾಷ್' ಎಂಬ ಗುರುತಿನ ಸಂಖ್ಯೆಯನ್ನು ಲೆಕ್ಕಹಾಕಿ, ಅದೇ ಸಂಖ್ಯೆಯ ಚಿತ್ರವು ಭಂಡಾರದಲ್ಲಿ ಮೊದಲೇ ಇದೆಯೇ ಎಂದು ನೋಡಬಹುದು. ಅನಂತರ ಫ್ಲಿಕ್‌ರಿವ್ಯೂವರ್ ಎಂಬ ಬಾಟ್ ಮೂಲತಾಣಕ್ಕೆ ಮರಳಿ ಹೋಗಿ, ಅನುಮತಿ ನಿಜವೇ ಎಂದು ಪರೀಕ್ಷಿಸುತ್ತದೆ.

ಎಂಟು ಶತಮಾನಗಳ ಹಿಂದಿನ ಶಿಲ್ಪಕ್ಕೆ ಯಾರ ಅನುಮತಿ ಬೇಕು ಎಂದು ಕೇಳಬಹುದು. ಶಿಲ್ಪಕ್ಕೆ ಕೃತಿಸ್ವಾಮ್ಯವಿಲ್ಲ, ನಿಜ. ಆದರೆ ಅದರ ಛಾಯಾಚಿತ್ರಕ್ಕೆ ಉಂಟು. ಭಾರತದ ೧೯೫೭ರ ಕೃತಿಸ್ವಾಮ್ಯ ಕಾಯಿದೆಯಂತೆ, ಛಾಯಾಚಿತ್ರವನ್ನು ತೆಗೆದವರ ಜೀವಿತಕಾಲದಲ್ಲಿಯೂ, ಅವರು ತೀರಿಕೊಂಡ ಮುಂದಿನ ವರ್ಷದಿಂದ ೬೦ ವರ್ಷಗಳವರೆಗೂ ಆ ಹಕ್ಕು ಇರುತ್ತದೆ.

ಇನ್ನು ಯಂತ್ರದ ಮಿತಿಯನ್ನು ವಿಚಾರಿಸೋಣ. ಚಿತ್ರದ ಒಂದು ಚುಕ್ಕೆಯ ಬಣ್ಣ ಬದಲಾದರೂ ಹ್ಯಾಷ್ ಸಂಖ್ಯೆ ಪೂರ್ಣವಾಗಿ ಬೇರೆಯಾಗುತ್ತದೆ. ಆಗ ನಮ್ಮ ಕಣ್ಣಿಗೆ ಒಂದೇ ಆದ ಚಿತ್ರವು ಬಾಟ್‌ಗೆ ಎರಡಾಗಿ ತೋರುತ್ತದೆ. ಇದು ಸಣ್ಣ ದೋಷ. ದೊಡ್ಡ ದೋಷವು ಹೆಸರಿನಿಂದ ಹುಟ್ಟುವಂಥದು. ಹಳೇಬೀಡು ಇರುವುದು ಬೇಲೂರು ತಾಲ್ಲೂಕಿನಲ್ಲಿ. ರೈಸ್ ಅವರ ಸಂಪುಟದಲ್ಲಿಯೂ ಅಲ್ಲಿಯ ಶಾಸನಗಳು ಬೇಲೂರಿನ ಕ್ರಮಸಂಖ್ಯೆಗಳಲ್ಲಿಯೇ ಸೇರಿವೆ. ಓದುವವನಿಗೆ ಇದು ಅರ್ಥವಾಗುತ್ತದೆ. ಆದರೆ 'ಬೇಲೂರು ಎಂದಿದ್ದರೆ ಚೆನ್ನಕೇಶವ ದೇವಾಲಯದ ಗುಂಪಿಗೆ ಸೇರಿಸು' ಎಂಬ ಆಜ್ಞೆಯನ್ನು ಪಡೆದ ಬಾಟ್, ಹೊಯ್ಸಳೇಶ್ವರ ದೇವಾಲಯದ ಚಿತ್ರಗಳನ್ನೂ ಅಲ್ಲಿಗೇ ಸೇರಿಸೀತು. ಮನುಷ್ಯನು ಒಮ್ಮೆ ತಪ್ಪಿದರೆ ಯಂತ್ರವು ಅದೇ ತಪ್ಪನ್ನು ಸಾವಿರ ಬಾರಿ ಮಾಡುತ್ತದೆ. ಮೂಲದ ಹೆಸರು ಅಳಿದು, ಆ ಪ್ರತಿಯಿಂದ ಇನ್ನೊಂದು, ಅದರಿಂದ ಮತ್ತೊಂದು ಪ್ರತಿ ಹುಟ್ಟಿದರೆ, ನೂರು ಸಾಕ್ಷಿಗಳು ಒಂದೇ ಮಾತನ್ನು ಹೇಳುವಂತೆ ನಮಗೆ ತೋರುತ್ತದೆ. ವಾಸ್ತವವಾಗಿ ಅಲ್ಲಿರುವುದು ಒಂದೇ ಸಾಕ್ಷಿ. ಅದೂ ತಪ್ಪು ಸಾಕ್ಷಿ.

ವಿದ್ಯಾರ್ಥಿಗಳು ಇದನ್ನು ಸ್ವತಃ ಪರೀಕ್ಷಿಸಬಹುದು. ಹಳೇಬೀಡಿನದೆಂದು ಹೇಳುವ ಒಂದು ಚಿತ್ರವನ್ನು ಆರಿಸಿಕೊಂಡು, ಅದನ್ನು ತೆಗೆದವರು ಯಾರು, ಯಾವಾಗ, ಮೊದಲು ಎಲ್ಲಿ ಪ್ರಕಟಿಸಿದರು ಎಂಬುದನ್ನು ಹುಡುಕಿರಿ. ಉತ್ತರ ದೊರೆಯದಿದ್ದರೆ ಆ ಚಿತ್ರವನ್ನು ಪ್ರಮಾಣವೆಂದು ಸ್ವೀಕರಿಸಬೇಡಿರಿ. ಸಾಧ್ಯವಾದರೆ ಒಮ್ಮೆ ಕಲ್ಲಿನ ಬಳಿಗೇ ಹೋಗಿ ನೋಡಿ ಬನ್ನಿರಿ.