ಫುಟ್‌ಬಾಲ್ ಮೈದಾನಕ್ಕೆ ಹೋಗೋಣ

ಫುಟ್‌ಬಾಲ್ ಅಂದರೆ ಕಾಲ್ಚೆಂಡು. ಈ ಆಟ ನಿಮಗೆ ಹೊಸದಲ್ಲ. ಶಾಲೆಯ ಬಯಲಿನಲ್ಲಿ ಹುಡುಗರು ಆಡುವುದನ್ನು ನೋಡಿದ್ದೀರಿ. ಎರಡು ಕಲ್ಲು ಇಟ್ಟರೆ ಗೋಲು ಆಯಿತು. ಚೆಂಡು ಹೊಲಕ್ಕೆ ಹೋದರೆ ಆಟ ನಿಂತಿತು.

ದುಡ್ಡು ಪಡೆದು ಆಡುವ ದೊಡ್ಡ ತಂಡಗಳೂ ಇವೆ. ಅವರಿಗೆ ಆಟವೇ ಕೆಲಸ. ನಮ್ಮ ದೇಶದಲ್ಲಿ ಅಂಥ ತಂಡಗಳ ದೊಡ್ಡ ಪಂದ್ಯಾವಳಿಗೆ ಇಂಡಿಯನ್ ಸೂಪರ್ ಲೀಗ್ ಎಂದು ಹೆಸರು. ಇದು 2014ರಲ್ಲಿ ಶುರುವಾಯಿತು. ಲೀಗ್ ಅಂದರೆ ಪ್ರತಿ ತಂಡವೂ ಉಳಿದ ಎಲ್ಲ ತಂಡಗಳ ಜೊತೆ ಸರದಿಯಂತೆ ಆಡುವುದು. ತಂಡಗಳು ಆಡುವ ದೊಡ್ಡ ಮೈದಾನಕ್ಕೆ ಕ್ರೀಡಾಂಗಣ ಅನ್ನುತ್ತಾರೆ. ಸ್ಟೇಡಿಯಂ ಅಂತಲೂ ಅನ್ನುತ್ತಾರೆ.

ಆಡುವ ಜಾಗ ಎಷ್ಟು ದೊಡ್ಡದು? ಉದ್ದ 105 ಮೀಟರ್, ಅಗಲ 68 ಮೀಟರ್. ನಮ್ಮ ಲೆಕ್ಕದಲ್ಲಿ ಒಂದೂ ಮುಕ್ಕಾಲು ಎಕರೆ. ಇಷ್ಟು ಜಾಗದಲ್ಲಿ ತೊಗರಿ ಬಿತ್ತಬಹುದಿತ್ತಲ್ಲ ಅಂತ ತಾಂಡೂರಿನ ರೈತರಿಗೆ ಅನ್ನಿಸೀತು! ಅಲ್ಲಿ ಬೆಳೆಸುವುದು ಹುಲ್ಲು ಮಾತ್ರ. ಅದಕ್ಕೆ ನೀರು ಹಾಕುತ್ತಾರೆ, ಗೊಬ್ಬರ ಹಾಕುತ್ತಾರೆ, ಸಮನಾಗಿ ಕತ್ತರಿಸುತ್ತಾರೆ. ದನ ಮಾತ್ರ ಬಿಡುವುದಿಲ್ಲ.

ನಮಗೆ ಹತ್ತಿರದ ದೊಡ್ಡ ಕ್ರೀಡಾಂಗಣ ಹೈದರಾಬಾದಿನ ಗಚ್ಚಿಬೌಲಿಯಲ್ಲಿದೆ. ಸಿರ್ಗಾಪುರದವರು ನಾರಾಯಣಖೇಡದ ಮೇಲೆ ಸಂಗಾರೆಡ್ಡಿಗೆ ಬರಬೇಕು. ಜಹೀರಾಬಾದಿನವರು ಮುಂಬೈ ರಸ್ತೆ ಹಿಡಿದರೆ ಸದಾಶಿವಪೇಟೆ ದಾಟಿ ಅದೇ ಸಂಗಾರೆಡ್ಡಿ. ಮುಂದೆ ಪಟಾನ್‌ಚೆರು, ಲಿಂಗಂಪಲ್ಲಿ, ಆಮೇಲೆ ಗಚ್ಚಿಬೌಲಿ. ತಾಂಡೂರಿನವರು ರೈಲು ಹತ್ತಿ ಲಿಂಗಂಪಲ್ಲಿಯಲ್ಲಿ ಇಳಿಯಬಹುದು. ಕೂಲಿ ಕೆಲಸಕ್ಕೆ ಹೋದವರಿಗೆ ಈ ದಾರಿ ಗೊತ್ತೇ ಇದೆ.

2002ರಲ್ಲಿ ಹೈದರಾಬಾದಿನಲ್ಲಿ ರಾಷ್ಟ್ರೀಯ ಕ್ರೀಡಾಕೂಟ ನಡೆಯಿತು. ಅದಕ್ಕಾಗಿ ಈ ಕ್ರೀಡಾಂಗಣ ಕಟ್ಟಿದರು. ಲೋಕಸಭೆಯ ಸ್ಪೀಕರ್ ಆಗಿದ್ದ ಜಿ.ಎಂ.ಸಿ. ಬಾಲಯೋಗಿ ಅವರ ಹೆಸರು ಇಟ್ಟರು. ಇಲ್ಲಿ ಸುಮಾರು 30 ಸಾವಿರ ಜನ ಕೂರಬಹುದು. ಆಡುವ ಜಾಗದ ಸುತ್ತ ಓಟಗಾರರು ಓಡುವ ದಾರಿ ಇದೆ. ಒಂದು ಸುತ್ತಿಗೆ 400 ಮೀಟರ್. ಇದರಿಂದ ಓಟಕ್ಕೂ ಆಟಕ್ಕೂ ಒಂದೇ ಮೈದಾನ ಸಾಕಾಗುತ್ತದೆ. ಆದರೆ ನೋಡುವವರು ಚೆಂಡಿನಿಂದ ದೂರ ಆಗುತ್ತಾರೆ. ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣವೂ ಹೀಗೇ. ಅಲ್ಲಿ 1997ರ ರಾಷ್ಟ್ರೀಯ ಕ್ರೀಡಾಕೂಟ ನಡೆದಿತ್ತು. 2014ರಿಂದ ಬೆಂಗಳೂರು ಎಫ್‌ಸಿ ತಂಡ ಅಲ್ಲಿ ಆಡತೊಡಗಿತು.

ಹೈದರಾಬಾದಿಗೆ ಫುಟ್‌ಬಾಲ್ ಹಳೆಯ ನಂಟು. ಅಲ್ಲಿನ ಪೊಲೀಸರ ತಂಡ 1950ರಿಂದ 1954ರ ತನಕ ಐದು ವರ್ಷ ಬಿಡದೆ ಮುಂಬೈಯ ರೋವರ್ಸ್ ಕಪ್ ಗೆದ್ದಿತ್ತು. ಆ ತಂಡಕ್ಕೆ ಆಟ ಕಲಿಸಿದವರು ಸೈಯದ್ ಅಬ್ದುಲ್ ರಹೀಮ್. ಅವರು ಶಾಲೆಯ ಮೇಷ್ಟ್ರು! 1962ರಲ್ಲಿ ಜಕಾರ್ತದ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತಕ್ಕೆ ಚಿನ್ನದ ಪದಕ ಬಂದಾಗಲೂ ತರಬೇತಿ ಅವರದೇ.

2019ರಲ್ಲಿ ಹೈದರಾಬಾದ್ ಎಫ್‌ಸಿ ಎಂಬ ತಂಡ ಹುಟ್ಟಿತು. ಗಚ್ಚಿಬೌಲಿ ಅದರ ಮನೆ ಆಯಿತು. ಮರುವರ್ಷವೇ ಕೊರೋನಾ ಬಂತು. ಎರಡು ವರ್ಷ ಲೀಗಿನ ಆಟವೆಲ್ಲ ಗೋವಾದಲ್ಲೇ ನಡೆಯಿತು. ಕುರ್ಚಿಗಳು ಖಾಲಿ, ಮೈದಾನದಲ್ಲಿ ಆಟಗಾರರು ಮಾತ್ರ. ಕೊನೆಯ ಪಂದ್ಯಕ್ಕೆ ಜನರನ್ನು ಬಿಟ್ಟರು. ಅದು 2022ರ ಮಾರ್ಚ್ 20. ಊರು ಗೋವಾದ ಮಡಗಾಂವ್, ಮೈದಾನ ಫತೋರ್ಡಾ. ಎದುರಾಳಿ ಕೇರಳದ ತಂಡ. ಎರಡೂ ಕಡೆ ಒಂದೊಂದು ಗೋಲು. ಆಗ ಪೆನಾಲ್ಟಿ ಒದೆತ. ಅಂದರೆ ಒಬ್ಬ ಒದೆಯುವುದು, ಒಬ್ಬ ತಡೆಯುವುದು. ಹೈದರಾಬಾದಿನ ಗೋಲಿ ಲಕ್ಷ್ಮೀಕಾಂತ ಕಟ್ಟೀಮನಿ ಮೂರು ಒದೆತ ತಡೆದರು. ಕಪ್ ಹೈದರಾಬಾದಿಗೆ ಬಂತು!

ಆದರೆ ಖುಷಿ ಬಹಳ ದಿನ ಉಳಿಯಲಿಲ್ಲ. ತಂಡಕ್ಕೆ ಹಣದ ತೊಂದರೆ ಆಯಿತು. 2025ರಲ್ಲಿ ಅದು ದೆಹಲಿಗೆ ಹೋಯಿತು, ಹೆಸರೂ ಬದಲಾಯಿತು. ಮೈದಾನವನ್ನು ಗಾಡಿಯ ಮೇಲೆ ಹೇರಿಕೊಂಡು ಹೋಗಲು ಬರುವುದಿಲ್ಲವಲ್ಲ! ಅದು ಗಚ್ಚಿಬೌಲಿಯಲ್ಲೇ ಉಳಿಯಿತು.

ಈಗ ಪಾಠದ ಮುಖ್ಯ ಮಾತಿಗೆ ಬರೋಣ. ದೊಡ್ಡ ಮೈದಾನಕ್ಕೆ ಹೋಗುವುದು ಸುಲಭ. ಜನ ತುಂಬಿದಾಗ ಹೊರಗೆ ಬರುವುದು ಕಷ್ಟ. ಶಿವರಾತ್ರಿಗೆ ಝರಾಸಂಗಮಕ್ಕೆ ಹೋದವರನ್ನು ಕೇಳಿ ನೋಡ್ರಿ, ಹೇಳುತ್ತಾರೆ.

1980ರ ಆಗಸ್ಟ್ 16ರಂದು ಕೋಲ್ಕತ್ತದ ಈಡನ್ ಗಾರ್ಡನ್ಸ್ ಮೈದಾನದಲ್ಲಿ ಫುಟ್‌ಬಾಲ್ ಪಂದ್ಯವಿತ್ತು. ನೋಡುವವರ ನಡುವೆ ಜಗಳ ಹತ್ತಿತು. ಜನ ಹೆದರಿ ಓಡಿದರು. ಒಬ್ಬರ ಮೇಲೊಬ್ಬರು ಬಿದ್ದರು. 16 ಜನ ಸತ್ತರು. ಆಟ ನೋಡಿ ಸಂಜೆಗೆ ಬರುತ್ತೇವೆ ಅಂತ ಮನೆಯಲ್ಲಿ ಹೇಳಿ ಹೋದವರು ಅವರು. 2025ರ ಜೂನ್ 4ರಂದು ಬೆಂಗಳೂರಿನಲ್ಲೂ ಹೀಗೇ ಆಯಿತು. ಅದು ಕ್ರಿಕೆಟ್ಟಿನ ಚಿನ್ನಸ್ವಾಮಿ ಕ್ರೀಡಾಂಗಣ. ಗೆದ್ದ ತಂಡವನ್ನು ನೋಡಲು ಜನ ಗೇಟುಗಳ ಹತ್ತಿರ ನುಗ್ಗಿದರು. 11 ಜನ ಸತ್ತರು. ಒಳಗೆ ಅಲ್ಲ, ಹೊರಗೆ, ಗೇಟಿನ ಬಳಿ.

ಹಿಂದೆ ಎಷ್ಟು ಜನ ಹಿಡಿದರೆ ಅಷ್ಟು ದೊಡ್ಡ ಮೈದಾನ ಅನ್ನುತ್ತಿದ್ದರು. ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣ 1984ರಲ್ಲಿ ತೆರೆಯಿತು. 1997ರ ಜುಲೈ 13ರಂದು ಮೋಹನ್ ಬಗಾನ್ ಮತ್ತು ಈಸ್ಟ್ ಬೆಂಗಾಲ್ ತಂಡಗಳ ಪಂದ್ಯಕ್ಕೆ ಅಲ್ಲಿ 1,31,781 ಜನ ಸೇರಿದ್ದರು. 2017ರಲ್ಲಿ ಹುಡುಗರ ವಿಶ್ವಕಪ್ ಬಂತು. ಅದಕ್ಕಾಗಿ ಮೈದಾನ ಸರಿಪಡಿಸಿದರು. ಕುರ್ಚಿ ಹಾಕಿದರು, ಜನರ ಸಂಖ್ಯೆ ಇಳಿಸಿದರು. ಕೊನೆಯ ಪಂದ್ಯಕ್ಕೆ 66,684 ಜನ ಬಂದರು. ಅದೇ ವಿಶ್ವಕಪ್ಪಿಗೆ ಕೇರಳದ ಕೊಚ್ಚಿ ಮೈದಾನದಲ್ಲಿ 29 ಸಾವಿರ ಜನರನ್ನು ಮಾತ್ರ ಬಿಟ್ಟರು. ಮೊದಲು ಅಲ್ಲಿ ಇದರ ಎರಡು ಪಟ್ಟು ಜನ ಸೇರುತ್ತಿದ್ದರು. ಯಾಕೆ ಹೀಗೆ? ಆಪತ್ತು ಬಂದರೆ ಎಲ್ಲರೂ ಬೇಗ ಹೊರಗೆ ಬರಬೇಕು, ಅದಕ್ಕೆ. ಟಿಕೆಟ್ ಸಿಗದವರು ಬೇಜಾರಾಗಿರಬಹುದು. ನನಗೆ ಮಾತ್ರ ಇದೇ ಸರಿ ಅನ್ನಿಸುತ್ತದೆ.

ನಿಮ್ಮ ಮಗಳು ಅಥವಾ ಮಗ ನಿಮ್ಮನ್ನು ಪಂದ್ಯಕ್ಕೆ ಕರೆದುಕೊಂಡು ಹೋದರು ಅಂತ ತಿಳಿಯಿರಿ. ಟಿಕೆಟ್ ಮೇಲೆ ಹೀಗೆ ಇದೆ:

ಗೇಟ್ 4. ಸಾಲು ಸಿ. ಕುರ್ಚಿ 27. ಸಮಯ ಸಂಜೆ 7-30.

ನಿಜವಾದ ಟಿಕೆಟ್ ಇಂಗ್ಲಿಷಿನಲ್ಲಿ ಇರುತ್ತದೆ. ಈಗೀಗ ಫೋನಿನಲ್ಲೇ ಬರುತ್ತದೆ. ಅಂಜಬೇಡಿ. ಅಂಕಿ ನಿಮಗೆ ಬರುತ್ತದೆ. 4 ಎಂದು ಬರೆದ ಗೇಟಿಗೇ ಹೋಗಿರಿ. ಜನ ಹೋಗುವ ಕಡೆ ಸುಮ್ಮನೆ ಹೋಗಬೇಡಿ. ಅವರ ಗೇಟು 9 ಇರಬಹುದು.

ಕುರ್ಚಿಯಲ್ಲಿ ಕುಳಿತ ಮೇಲೆ ಒಮ್ಮೆ ಸುತ್ತ ನೋಡಿರಿ. ಹೊರಗೆ ಹೋಗುವ ದಾರಿ ತೋರಿಸುವ ಹಸಿರು ಹಲಗೆ ಎಲ್ಲಿದೆ? ಬಂದ ದಾರಿ ಬಿಟ್ಟು ಇನ್ನೊಂದು ದಾರಿ ಇದೆಯಾ? ಚಿಕ್ಕ ಮಕ್ಕಳು ಜೊತೆಗಿದ್ದರೆ ಒಂದು ಚೀಟಿಯಲ್ಲಿ ಫೋನ್ ನಂಬರ್ ಬರೆದು ಅವರ ಜೇಬಿಗೆ ಹಾಕಿರಿ. ಆ ಚೀಟಿಯನ್ನು ನೀವೇ ಬರೆಯಿರಿ. ತಪ್ಪಿಸಿಕೊಂಡರೆ ಎಲ್ಲಿ ಸೇರಬೇಕು ಎಂದು ಮೊದಲೇ ಮಾತಾಡಿಕೊಳ್ಳಿರಿ.

ಆಟ ಮುಗಿದ ಕೂಡಲೆ ಏಳಬೇಡಿ. ಹತ್ತು ನಿಮಿಷ ಕೂತರೆ ಗದ್ದಲ ತಗ್ಗುತ್ತದೆ. ಆದರೆ ಬಸ್ಸಿನ ಸಮಯ ಮೊದಲೇ ಕೇಳಿಕೊಂಡಿರಬೇಕು. ನೂಕುನುಗ್ಗಲಿನಲ್ಲಿ ಸಿಕ್ಕಿದರೆ ಎರಡೂ ಕೈ ಮಡಚಿ ಎದೆಯ ಮುಂದೆ ಹಿಡಿಯಿರಿ. ಉಸಿರಾಡಲು ಜಾಗ ಸಿಗುತ್ತದೆ. ಚಪ್ಪಲಿ ಬಿದ್ದರೆ ಬಗ್ಗಬೇಡಿ, ಹೋಗಲಿ ಬಿಡಿ. ಜನರ ಎದುರಿಗೆ ತಳ್ಳಬೇಡಿ. ಅವರ ಜೊತೆಗೇ ನಡೆಯುತ್ತ ಸ್ವಲ್ಪ ಸ್ವಲ್ಪವೇ ಅಂಚಿಗೆ ಸರಿಯಿರಿ.

ಅಭ್ಯಾಸ

1. ಮೇಲಿನ ಟಿಕೆಟ್ಟನ್ನು ಗಟ್ಟಿಯಾಗಿ ಓದಿರಿ. ಯಾವ ಗೇಟು? ಯಾವ ಕುರ್ಚಿ?

2. ಸಾಲ್ಟ್ ಲೇಕ್ ಮೈದಾನಕ್ಕೆ 1997ರಲ್ಲಿ ಬಂದವರು 1,31,781. 2017ರಲ್ಲಿ ಬಂದವರು 66,684. ಎಷ್ಟು ಜನ ಕಡಿಮೆ? ಕಳೆದು ನೋಡಿರಿ.

3. ಮಗುವಿನ ಜೇಬಿಗೆ ಹಾಕುವ ಚೀಟಿ ಬರೆಯಿರಿ. ಅದರಲ್ಲಿ ಮಗುವಿನ ಹೆಸರು, ನಿಮ್ಮ ಹೆಸರು, ಊರು, ಫೋನ್ ನಂಬರ್ ಇರಲಿ.

4. ನಿಮ್ಮ ಊರ ಜಾತ್ರೆಯಲ್ಲಿ ಒಳಗೆ ಹೋಗುವ ದಾರಿ ಎಷ್ಟು, ಹೊರಗೆ ಬರುವ ದಾರಿ ಎಷ್ಟು? ಕಲಿಕೆ ಕೇಂದ್ರದಲ್ಲಿ ಎಲ್ಲರೂ ಕೂಡಿ ಮಾತಾಡಿರಿ.