ಆರೋಗ್ಯ ಪ್ರಶ್ನೋತ್ತರ: ಉರಿಯೂತ ಎಂದರೆ ಮೈಯುಷ್ಣವಲ್ಲ

ಪ್ರಶ್ನೆ: ಹನ್ನೊಂದು ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಇದರಿಂದ ಕಿಡ್ನಿ, ಲಿವರ್‌ಗೆ ಉರಿಯೂತ ಬರುತ್ತದಂತೆ, ಅಮೃತಬಳ್ಳಿ ಅದನ್ನು ತಣಿಸುತ್ತದಂತೆ, ಮಗ ಓದಿ ಹೇಳಿದ. ಹಿತ್ತಲಿನ ಬಳ್ಳಿಯ ಕಷಾಯ ನಾಲ್ಕು ತಿಂಗಳಿಂದ ಕುಡಿಯುತ್ತಿದ್ದೇನೆ, ಮೈ ಹಗುರಾಗಿದೆ. ಮಾತ್ರೆ ಬಿಡಬಹುದೇ?
– ಗೃಹಿಣಿ, ತಿಪಟೂರು

ಉತ್ತರ: ಬಿಡಬೇಡಿ ತಾಯಿ. ಈಗಾಗಲೇ ಬಿಟ್ಟಿದ್ದರೆ ನಾಳೆಯೇ ನಿಮ್ಮ ವೈದ್ಯರನ್ನು ಕಾಣಿ.

‘ತಣಿಸುತ್ತದೆ’ ಎಂಬ ಮಾತನ್ನು ನಾನು ದಿನಾ ಕೇಳುತ್ತೇನೆ. ಉರಿಯೂತ ಅಂದ ಕೂಡಲೇ ನಮ್ಮವರು ಮೈಯುಷ್ಣ ಅಂದುಕೊಂಡು ತಂಪಿನ ಪದಾರ್ಥ ಹುಡುಕುತ್ತಾರೆ. ಸಕ್ಕರೆ ಕಾಯಿಲೆಯ ಉರಿಯೂತದಲ್ಲಿ ಮೊದಲ ವರ್ಷಗಳಲ್ಲಿ ಉರಿಯೂ ಇಲ್ಲ, ಊತವೂ ಇಲ್ಲ, ನೋವಂತೂ ಇಲ್ಲವೇ ಇಲ್ಲ. ಸಕ್ಕರೆ ವರ್ಷಗಟ್ಟಲೆ ಏರಿದ್ದರೆ ಕಿಡ್ನಿಯಲ್ಲಿ ರಕ್ತ ಸೋಸುವ ಸಣ್ಣ ನಾಳಗಳ ಒಳಪದರ ಕೆಡುತ್ತದೆ, ಬಿಳಿ ರಕ್ತಕಣಗಳು ಅಲ್ಲಿ ಬಂದು ಸೇರುತ್ತವೆ, ಕೊನೆಗೆ ಆ ಜಾಗ ಗಾಯದ ಕಲೆಯಂತೆ ಗಟ್ಟಿಯಾಗುತ್ತದೆ. ಇಷ್ಟೆಲ್ಲ ಆಗುವಾಗಲೂ ಮೈ ಹಗುರಾಗಿಯೇ ಇರಬಹುದು.

ಮಗ ಓದಿದ್ದು ಸುಳ್ಳಲ್ಲ. ಆದರೆ ಇಂಥ ಪ್ರಯೋಗಗಳು ಹೆಚ್ಚಾಗಿ ನಡೆದಿರುವುದು ಇಲಿಗಳ ಮೇಲೆ. ಸ್ಟ್ರೆಪ್ಟೊಜೊಟೊಸಿನ್ ಎಂಬ ರಾಸಾಯನಿಕ ಚುಚ್ಚಿ ಇಲಿಯ ಇನ್ಸುಲಿನ್ ತಯಾರಿಸುವ ಕೋಶಗಳನ್ನು ಹಾಳುಮಾಡುತ್ತಾರೆ. ಅಳತೆಯಿಟ್ಟು ತೆಗೆದ ಗಿಡದ ಸಾರವನ್ನು ಕೆಲವು ವಾರ ಕುಡಿಸಿ, ಆಮೇಲೆ ಅದರ ಕಿಡ್ನಿ, ಲಿವರ್ ನೋಡುತ್ತಾರೆ. ಉರಿಯೂತ ಕಡಿಮೆ ಕಂಡರೆ ಸಂತೋಷವೇ. ಆದರೆ ಆ ಇಲಿಯ ಕಾಯಿಲೆಗೆ ವಾರಗಳ ವಯಸ್ಸು, ನಿಮ್ಮದಕ್ಕೆ ಹನ್ನೊಂದು ವರ್ಷ.

ಇನ್ನು ಲಿವರ್. ಕೊರೊನಾ ಕಾಲದಲ್ಲಿ ಅಮೃತಬಳ್ಳಿ ಸೇವಿಸಿದ ಕೆಲವರಿಗೆ ಲಿವರ್‌ನಲ್ಲೇ ಉರಿಯೂತವಾದದ್ದನ್ನು ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದರು. ಮರುವರ್ಷ ದೇಶದ 13 ಚಿಕಿತ್ಸಾ ಕೇಂದ್ರಗಳಿಂದ ಅಂಥ 43 ಮಂದಿಯ ವಿವರ ಬಂತು. ಆಯುಷ್ ಸಚಿವಾಲಯ ಇದನ್ನು ಒಪ್ಪದೆ, ಅಮೃತಬಳ್ಳಿಯನ್ನೇ ಹೋಲುವ ಬೇರೆ ಬಳ್ಳಿ ಇದ್ದೀತು ಎಂದಿತು. ಹಾಗೇ ಇರಲಿ. ನಿಮ್ಮ ಹಿತ್ತಲಿನಲ್ಲಿರುವುದು ಯಾವುದೆಂದು ಗುರುತಿಸಿಕೊಟ್ಟವರು ಯಾರು? ಕಷಾಯ ನಿಲ್ಲಿಸಿ, ಲಿವರ್ ಪರೀಕ್ಷೆ ಮಾಡಿಸಿ. ಕಣ್ಣು ಹಳದಿಯಾದರೆ, ಮೂತ್ರದ ಬಣ್ಣ ಗಾಢವಾದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಸಕ್ಕರೆ, ಕೊಲೆಸ್ಟ್ರಾಲ್ ಎರಡಕ್ಕೂ ಬಿಂಬುಳಿ ರಸ ಒಳ್ಳೆಯದೆಂದು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಲೋಟ ಕುಡಿಯುತ್ತೇನೆ. ಮುಂದುವರಿಸಲೇ?
– ಕುಂದಾಪುರ

ಉತ್ತರ: ಇವತ್ತೇ ನಿಲ್ಲಿಸಿ. ಸಾರಿಗೆ ಹಾಕುವ ಒಂದೆರಡು ಬಿಂಬುಳಿಯ ಮಾತು ಬೇರೆ, ಹಿಂಡಿದ ಲೋಟದ ಮಾತು ಬೇರೆ. ಅದರಲ್ಲಿರುವ ಆಕ್ಸಲೇಟ್ ಹರಳುಗಟ್ಟಿ ಕಿಡ್ನಿಯ ನಾಳಗಳನ್ನು ಕಟ್ಟುತ್ತದೆ. ಪಕ್ಕದ ಕೇರಳದಲ್ಲಿ ಇದೇ ರಸ ಕುಡಿದು ಕಿಡ್ನಿ ಹಠಾತ್ತನೆ ಕೆಟ್ಟ ಹತ್ತು ಜನರ ವರದಿ 2013ರಲ್ಲಿ ಪ್ರಕಟವಾಗಿದೆ. ಕ್ರಿಯಾಟಿನಿನ್ ಪರೀಕ್ಷೆ ಈ ವಾರವೇ ಆಗಲಿ. ಮೂತ್ರ ಕಡಿಮೆಯಾಗಿದ್ದರೆ ವಾರ ಕಾಯಬೇಡಿ.

ಪ್ರಶ್ನೆ: ಮಧುನಾಶಿನಿ ಎಲೆ ಜಗಿದು ಸಕ್ಕರೆ ತಿಂದರೆ ಮರಳು ತಿಂದಂತಿರುತ್ತದೆ. ರಕ್ತದ ಸಕ್ಕರೆಯೂ ಹೀಗೇ ಸಾಯುತ್ತದಲ್ಲವೇ?
– ದಾವಣಗೆರೆ

ಉತ್ತರ: ಇಲ್ಲಪ್ಪ. ಎಲೆಯ ಜಿಮ್ನೆಮಿಕ್ ಆಮ್ಲ ನಾಲಗೆಗೆ ಸಿಹಿ ಗೊತ್ತಾಗದಂತೆ ಮಾಡುತ್ತದೆ, ಅಷ್ಟೆ. ನೀವು ತಿಂದ ಸಕ್ಕರೆ ಸಕ್ಕರೆಯಾಗಿಯೇ ರಕ್ತ ಸೇರುತ್ತದೆ.

ಕಹಿ ತಿಂದರೆ ಸಿಹಿ ಇಳಿಯುತ್ತದೆ ಎಂಬ ನಂಬಿಕೆ ಬಲು ಗಟ್ಟಿ. ಹಾಗಲದ ಜೊತೆ ಸೋರೆಕಾಯಿಯನ್ನೂ ರುಬ್ಬಿ ಕುಡಿಯುವವರಿಗೆ ಸೋರೆಯೇ ಕಹಿಯಾಗಿದ್ದರೆ ಗೊತ್ತಾಗುವುದಿಲ್ಲ. ಕಹಿ ಸೋರೆಯ ರಸ ವಿಷ, ಅದರಿಂದ ಸಾವುಗಳಾಗಿವೆ.

ಗಿಡಮೂಲಿಕೆಯ ಮೇಲೆ ನನಗೆ ದ್ವೇಷವಿಲ್ಲ. ನಾನು ದಿನಾ ಬರೆಯುವ ಮೆಟ್‌ಫಾರ್ಮಿನ್ನಿನ ಮೂಲ ಯುರೋಪಿನ ಗಲೇಗ ಎಂಬ ಗಿಡ. ಆ ಗಿಡದಲ್ಲಿದ್ದ ವಸ್ತು ಹಾಗೇ ಕೊಡಲಾಗದಷ್ಟು ವಿಷಕಾರಿ. ಅದರ ಜಾಡು ಹಿಡಿದು ಹೊರಟ ಸಂಶೋಧನೆ 1957ರಲ್ಲಿ ಫ್ರಾನ್ಸಿನಲ್ಲಿ ಮನುಷ್ಯರಿಗೆ ಸಲ್ಲುವ ಮಾತ್ರೆಗೆ ಬಂದು ಮುಟ್ಟಿತು. ಲೇಬಲ್ಲಿಲ್ಲದ ಪೊಟ್ಟಣದ ಪುಡಿಗೆ ಅಂಥ ಪರೀಕ್ಷೆ ಆಗಿರುವುದಿಲ್ಲ. ಅಂಥದೊಂದು ಪುಡಿ ತಿಂದು ಸಕ್ಕರೆ 40ಕ್ಕೆ ಇಳಿದು ಪ್ರಜ್ಞೆ ತಪ್ಪಿದವರನ್ನು ನಾನೇ ನೋಡಿದ್ದೇನೆ. ಸಕ್ಕರೆ ಇಳಿಸುವ ಮಾತ್ರೆಯನ್ನೇ ಪುಡಿಮಾಡಿ ಬೆರೆಸುವುದೂ ಉಂಟು.

ಪ್ರಶ್ನೆ: ಕ್ರಿಯಾಟಿನಿನ್ 1.1, ನಾರ್ಮಲ್. ಆದರೂ ವೈದ್ಯರು ಮೂತ್ರ ಪರೀಕ್ಷೆ ಬರೆದಿದ್ದಾರೆ. ಸುಮ್ಮನೆ ಖರ್ಚಲ್ಲವೇ?
– ನಿವೃತ್ತ ಶಿಕ್ಷಕರು, ಮೈಸೂರು

ಉತ್ತರ: ಮೇಷ್ಟ್ರೇ, ಆ ವೈದ್ಯರನ್ನು ಬಿಡಬೇಡಿ. ಕಿಡ್ನಿಯ ಶಕ್ತಿ ಅರ್ಧದಷ್ಟು ಹೋಗುವವರೆಗೂ ಕ್ರಿಯಾಟಿನಿನ್ ನಾರ್ಮಲ್ಲಾಗಿಯೇ ಇರಬಹುದು. ಮೂತ್ರದಲ್ಲಿ ಅಲ್ಬುಮಿನ್ ಸೋರುವುದು ಅದಕ್ಕಿಂತ ಎಷ್ಟೋ ಮುಂಚೆ ಕಾಣುತ್ತದೆ. ಒಂದು ಗ್ರಾಂ ಕ್ರಿಯಾಟಿನಿನ್ನಿಗೆ 30 ಮಿಲಿಗ್ರಾಂಗಿಂತ ಹೆಚ್ಚು ಅಲ್ಬುಮಿನ್ ಇದ್ದರೆ ಮತ್ತೊಮ್ಮೆ ಪರೀಕ್ಷಿಸಿ ಖಚಿತ ಮಾಡಿಕೊಳ್ಳಬೇಕು. ಜ್ವರವಿದ್ದಾಗ, ಉರಿಮೂತ್ರವಿದ್ದಾಗ ಮಾಡಿಸಿದ ಲೆಕ್ಕ ನಂಬಬಾರದು. ಈ ಹಂತದಲ್ಲಿ ಸಿಕ್ಕರೆ ಬಿಪಿ ಮತ್ತು ಸಕ್ಕರೆ ಹತೋಟಿ, ಕಿಡ್ನಿ ಕಾಯುವ ಮಾತ್ರೆ, ಇವುಗಳಿಂದ ಬಹಳ ಉಳಿಸಿಕೊಳ್ಳಬಹುದು. ವರ್ಷಕ್ಕೊಮ್ಮೆ ಮೂತ್ರ, ವರ್ಷಕ್ಕೊಮ್ಮೆ ಕಣ್ಣಿನ ರೆಟಿನಾ. ವೈದ್ಯರ ಬಳಿ ಹೋಗುವಾಗ ಮನೆಯಲ್ಲಿ ತೆಗೆದುಕೊಳ್ಳುವ ಕಷಾಯ, ಪುಡಿ, ಲೇಹ್ಯವೆಲ್ಲವನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ, ಮೇಜಿನ ಮೇಲಿಟ್ಟು ತೋರಿಸಿ.