ತಾತನ ಲೈನ್ ಮನೆ ಸ್ಮಾರಕವಾಗಬಹುದೇ?

ಚಾಂಪಿಯನ್ ರೀಫ್‌ನ ನಿಮ್ಮ ತಾತನ ಲೈನ್ ಮನೆಗೆ ಸಂರಕ್ಷಿತ ಸ್ಮಾರಕದ ಪಟ್ಟ ಕೊಡಿಸಬಹುದೇ ಎಂದು ಕೇಳಿದ್ದೀರಿ. ದಾರಿ ಇದೆ, ಆದರೆ ಮೊದಲು ಮನೆಯ ಹಕ್ಕು ಯಾರದೆಂದು ನೋಡಿ. ಚಾಂಪಿಯನ್ ರೀಫ್ ಇರುವ ಕೆಜಿಎಫ್‌ನ (ಕೋಲಾರ ಚಿನ್ನದ ಗಣಿ ಪ್ರದೇಶ) ಲೈನ್‌ಗಳನ್ನು, ಅಂದರೆ ಕಾರ್ಮಿಕರ ಸಾಲುಮನೆಗಳನ್ನು, ಕಟ್ಟಿಸಿದ್ದು ಗಣಿ ಕಂಪನಿ. 2001ರಲ್ಲಿ ಗಣಿ ಮುಚ್ಚಿದ ಮೇಲೂ ಕುಟುಂಬಗಳು ಅಲ್ಲೇ ಉಳಿದವು. ನಿಮ್ಮ ಕೈಲಿರುವುದು ಹಕ್ಕುಪತ್ರವೋ, ಬರೀ ವಾಸದ ದಾಖಲೆಯೋ?

ರಾಜ್ಯದ 1961ರ ಸ್ಮಾರಕ ಕಾಯ್ದೆಯ ಪ್ರಕಾರ ಕಟ್ಟಡಕ್ಕೆ ನೂರು ವರ್ಷವಾದರೂ ಆಗಿರಬೇಕು. ಸ್ಮಾರಕವೆಂದು ಘೋಷಣೆಯಾದರೆ ಯಾರೂ ಸುಮ್ಮನೆ ಕೆಡವುವಂತಿಲ್ಲ, ನಿಜ. ಆದರೆ ನಿಮ್ಮ ತಾಯಿ ಅನುಮತಿಯಿಲ್ಲದೆ ಸೋರುವ ಶೀಟು ತೆಗೆದು ತಾರಸಿ ಹಾಕಿಸುವಂತೆಯೂ ಇಲ್ಲ. ಅಲ್ಲಿ ವಾಸವಿರುವವರು ಅವರು, ಅವರನ್ನು ಕೇಳಿದಿರಾ?

ನನ್ನನ್ನು ಕೇಳಿದರೆ, ಒಂದೇ ಮನೆಗಾಗಿ ಓಡಾಡಬೇಡಿ. ಲೈನ್ ಮನೆಯ ಬೆಲೆ ಇರುವುದೇ ಸಾಲಿನಲ್ಲಿ: ಅಕ್ಕಪಕ್ಕದವರಿಗೆ ಒಂದೇ ಗೋಡೆ, ಬೀದಿಗೊಂದು ನಲ್ಲಿ, ಬಾಗಿಲಿಗೆ ಬಾಗಿಲು ತಾಗುವ ಓಣಿ. ಗಣಿ ಸಾಹೇಬರ ಬಂಗಲೆಗಳ ಫೋಟೊ ತೆಗೆಯುವವರು ಬಹಳ. ಈ ಓಣಿಗಳಿಗೆ ಕ್ಯಾಮೆರಾ ಹಿಡಿಯುವವರು ಕಡಿಮೆ. ನೆರೆಯವರೂ ಸಹಿ ಹಾಕಿದರೆ ಇಡೀ ಸಾಲನ್ನು ಪಾರಂಪರಿಕ ಪ್ರದೇಶವೆಂದು ಗುರುತಿಸುವಂತೆ ಯೋಜನಾ ಪ್ರಾಧಿಕಾರವನ್ನು ಕೇಳಬಹುದು. ದುರಸ್ತಿಗೂ ಅಲ್ಲಿ ಕೊಂಚ ಸಡಿಲಿಕೆ ಸಿಗಬಹುದು.

ಅಷ್ಟರಲ್ಲಿ ಟೇಪು ಹಿಡಿದು ಕೋಣೆಗಳ ಅಳತೆ ಬರೆದಿಡಿ. ತಾತನ ಸಂಬಳದ ಚೀಟಿ, ಮನೆ ನಂಬರಿರುವ ಹಳೇ ಕಾಗದ, ಏನಿದ್ದರೂ ಸ್ಕ್ಯಾನ್ ಮಾಡಿಸಿ. ಮನೆಯ ವಯಸ್ಸಿಗೆ ಅವೇ ಸಾಕ್ಷಿ. ಅರ್ಜಿ ಕೊಟ್ಟ ದಿನವೇ ನಿಮ್ಮ ಪ್ರತಿಗೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ.